ರೈನೋ 8ರ ಸಬ್‌ಡಿ: ಎಲೆಗೆ ಸೈ, ಗುಂಡು ಕಂಬಕ್ಕೆ ಬೇಡ

ಚಿಕ್ಕಮಗಳೂರು ಕಡೆ ಒಂದು ಹೋಮ್‌ಸ್ಟೇಗೆ ಫೆರೋಸಿಮೆಂಟ್ (ತಂತಿ ಬಲೆಗೆ ಸಿಮೆಂಟ್ ಮೆತ್ತಿ ಮಾಡುವ) ಪೋರ್ಟಿಕೋ ಮಾಡಬೇಕಿತ್ತು. ಓನರ್‌ಗೆ ಅದು ಕೆಸುವಿನ ಎಲೆ ತರ ಬೇಕಂತೆ, ಚಪ್ಪಟೆ ಸ್ಲ್ಯಾಬ್ ಬೇಡವೇ ಬೇಡ. ಅದಕ್ಕೇ 3ಡಿ ಮಾಡೆಲಿಂಗ್ ಸಾಫ್ಟ್‌ವೇರ್ ರೈನೋ 8ರಲ್ಲಿ ಸಬ್‌ಡಿ, ಅಂದರೆ ಒರಟು ಚೌಕಗಳಿಂದ ನುಣುಪಾದ ಮೇಲ್ಮೈ ಮಾಡುವ ವಿಧಾನ, ಹಿಡಿದು ಕೂತೆ. ಮೂರು ವಾರ ಆಯಿತು.

ಮೊದಲು ನರ್ಬ್ಸ್‌ನಲ್ಲಿ (ನಿಖರ ಗಣಿತದ ಕರ್ವ್‌ಗಳಿಂದ ಮೇಲ್ಮೈ ಕಟ್ಟುವ ರೈನೋದ ಹಳೆಯ ವಿಧಾನ) ಪ್ರಯತ್ನಿಸಿದ್ದೆ. ಒಂದು ತುಂಡು ಎಳೆದರೆ ಪಕ್ಕದ್ದರ ಜಾಯಿಂಟ್ ಬಿಟ್ಟುಕೊಳ್ಳುತ್ತದೆ, ಮತ್ತೆ ಮ್ಯಾಚ್ ಮಾಡು, ಮತ್ತೆ ಎಳೆ. ಸಬ್‌ಡಿಯಲ್ಲಿ ಇಡೀ ಎಲೆ ಒಂದೇ ಹಾಳೆ. ದೊಡ್ಡ ದೊಡ್ಡ ಚೌಕಗಳಲ್ಲಿ ಒರಟಾಗಿ ಕಟ್ಟಿಕೊಂಡು ಟ್ಯಾಬ್ ಒತ್ತಿದರೆ ನುಣ್ಣಗಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಮತ್ತೆ ಡಬ್ಬಿ. ಒಂದು ಮೂಲೆ ಎತ್ತಿದರೆ ಅಕ್ಕಪಕ್ಕದ್ದೆಲ್ಲ ತಾನಾಗೇ ಬಾಗುತ್ತದೆ, ಹಸಿ ಮಣ್ಣು ಒತ್ತಿದ ಹಾಗೆ. ಇದರ ಹಿಂದಿರುವ ಕ್ಯಾಟ್‌ಮುಲ್-ಕ್ಲಾರ್ಕ್ ಲೆಕ್ಕ 1978ರದ್ದು. ರೈನೋಗೆ ಬಂದದ್ದು ಮಾತ್ರ 2020ರ ಕೊನೆಗೆ, 7ನೇ ವರ್ಷನ್‌ನಲ್ಲಿ!

ನನಗೆ ಜಾಸ್ತಿ ಇಷ್ಟವಾದದ್ದು ಕ್ರೀಸ್. ಮಲೆನಾಡಿನ ಮಳೆ ಅಲ್ವಾ, ಅಂಚು ಗುಂಡಗಿದ್ದರೆ ನೀರು ಅಡಿಯಿಂದ ಒಳಗೆ ಜಾರಿ ಗೋಡೆ ಹಿಡಿಯುತ್ತದೆ. ಆ ಒಂದು ಅಂಚಿಗೆ ಕ್ರೀಸ್ ಕೊಟ್ಟರೆ ಅಲ್ಲಿ ಮಾತ್ರ ಚೂಪು, ಉಳಿದದ್ದು ನುಣುಪು. ಎಷ್ಟು ಚೂಪು ಅನ್ನುವುದನ್ನೂ 8ರಲ್ಲಿ ಹೆಚ್ಚು ಕಡಿಮೆ ಮಾಡಬಹುದು.

ಸೈಟಿನ ಬಂಡೆಯ ಸ್ಕ್ಯಾನ್ ಇತ್ತು, ಬರೀ ತ್ರಿಕೋನಗಳ ರಾಶಿ. ತ್ರಿಕೋನಗಳನ್ನು ಚೌಕಗಳಾಗಿ ಬದಲಿಸುವ ಕ್ವಾಡ್‌ರೀಮೆಶ್‌ಗೆ ಹಾಕಿದೆ. ಆಸೆಗೆ 50,000 ಚೌಕ ಅಂತ ಕೊಟ್ಟು ಸಬ್‌ಡಿ ಟಿಕ್ಕನ್ನೂ ಹಾಕಿದೆ, ಲ್ಯಾಪ್‌ಟಾಪ್ ಉಸಿರು ಕಟ್ಟಿತು. ತಪ್ಪು ನನ್ನದೇ. 2,000 ಕೊಟ್ಟಾಗ ಬಂಡೆ ಬಂಡೆಯಾಗೇ ಬಂತು.

ಈಗ ಕಂಬದ ವಿಷಯ. 300 ಮಿಮೀ ಗುಂಡು ಕಂಬವನ್ನೂ ಸಬ್‌ಡಿಯಲ್ಲೇ ಮಾಡೋಣ ಅಂತ ಹೊರಟು, ಅಳತೆ ಹಿಡಿದರೆ ಒಂದೊಂದು ಕಡೆ ಒಂದೊಂದು. ಸಬ್‌ಡಿಗೆ ನಿಜವಾದ ವೃತ್ತ ಬರುವುದೇ ಇಲ್ಲ, ವೃತ್ತದ ಹತ್ತಿರಕ್ಕೆ ಬರುತ್ತದೆ ಅಷ್ಟೇ. ಅಳತೆ ಮುಖ್ಯ ಅನ್ನುವ ಕಡೆ ಸುಮ್ನೆ ನರ್ಬ್ಸ್ ಬಳಸಿ. ನಾನು ಎಲೆಯನ್ನು ಟುನರ್ಬ್ಸ್ ಕಮಾಂಡ್‌ನಿಂದ ನರ್ಬ್ಸ್ ಮಾಡಿ, ಆಮೇಲೆ ಕಂಬದ ಜೊತೆ ಬೂಲಿಯನ್ ಮಾಡಿ ಒಂದಾಗಿ ಸೇರಿಸಿದೆ. ಐದು ಅಂಚು ಒಂದೇ ಬಿಂದುವಿಗೆ ಸೇರುವ ಜಾಗದ ಮೇಲೂ ಕಣ್ಣಿರಲಿ. ಮೇಲ್ಮೈ ನುಣುಪು ನೋಡಲು ಪಟ್ಟೆ ಮೂಡಿಸುವ ಝೀಬ್ರಾ ಹಾಕಿದರೆ ಅಲ್ಲಿ ಪಟ್ಟೆ ಮುರಿದದ್ದು ಕಾಣಬಹುದು. ಅದನ್ನು ಕಂಬದ ತಲೆ ಮೇಲೆ ಅಡಗಿಸಿದೆ.

ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಪುಕ್ಕಟೆ ಸಿಗುವಾಗ ಇದೇಕೆ ಅಂದರೆ, ಅಲ್ಲಿ ಎಷ್ಟು ನುಣುಪು ಮಾಡಿದರೂ ಕೊನೆಗೆ ಸೆಕ್ಷನ್ (ಸೀಳುನೋಟ) ಕತ್ತರಿಸಿದಾಗ ಸಿಗುವುದು ಚಿಕ್ಕ ಚಿಕ್ಕ ಗೆರೆಗಳ ಸರಪಳಿ. ಇಲ್ಲಿ ನಯವಾದ ಒಂದು ಕರ್ವ್ ಸಿಗುತ್ತದೆ. ರೈನೋ ದುಡ್ಡೇನೋ ಜಾಸ್ತಿ, ಆದರೆ ವರ್ಷ ವರ್ಷ ಬಾಡಿಗೆ ಕಟ್ಟುವ ಗೋಳಿಲ್ಲ. 90 ದಿನ ಎಲ್ಲ ಫೀಚರ್ ಸಮೇತ ಫ್ರೀ ಟ್ರಯಲ್ ಇದೆ, ಅದು ಮುಗಿದ ಮೇಲೆ ಸೇವ್ ಆಗುವುದಿಲ್ಲ.

ಸೆಕ್ಷನ್ ಪ್ರಿಂಟ್ ತಗೊಂಡು ಹೋದಾಗ ಮೇಸ್ತ್ರಿ "ಮೆಶ್ ಎಷ್ಟು ಬೇಕಾಗ್ತದೆ ಸಾರ್?" ಅಂದರು. ನಾನು ಕಂಪ್ಯೂಟರ್ ಮೆಶ್ ಅಂದುಕೊಂಡು, ಅದರಲ್ಲಿ ಫೇಸ್ (ಚೌಕ) ಎಷ್ಟಿದೆ ಅಂತ ಹೇಳಲು ಹೊರಟಿದ್ದೆ. ಅವರು ಕೇಳಿದ್ದು ಸಿಮೆಂಟ್ ಒಳಗೆ ಹಾಕುವ ತಂತಿ ಬಲೆ, ಚಿಕನ್ ಮೆಶ್.