ಒಲಿಂಪಿಕ್ಸ್ ನೋಡಲು ಡಿಶ್ಶೋ, ಮೊಬೈಲೋ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ ಎರಡನೇ ಯತ್ನದಲ್ಲಿ 89.45 ಮೀಟರ್ ಎಸೆದ ರಾತ್ರಿ, ರಾಯಚೂರಿನ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಕೇಕೆ ಮೊದಲು ಕೇಳಿಸಿತು. ನನ್ನ ಮೊಬೈಲ್‌ನಲ್ಲಿ ನೀರಜ್ ಇನ್ನೂ ಭರ್ಜಿ ಹಿಡಿದು ನಿಂತಿದ್ದರು. ಆ ಬೇಸರ ಇಂದಿಗೂ ಹೋಗಿಲ್ಲ. ಪಕ್ಕದವರದು ದೂರದರ್ಶನದ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್.

ಆ ಕ್ಷಣ ತಪ್ಪಬಾರದೆಂದರೆ ಫ್ರೀ ಡಿಶ್ ಹಾಕಿಸಿ. ತಿಂಗಳ ಶುಲ್ಕವಿಲ್ಲ. ರಾಷ್ಟ್ರೀಯ ಮಹತ್ವದ ಕ್ರೀಡೆಗಳ ಪ್ರಸಾರವನ್ನು ಖಾಸಗಿ ವಾಹಿನಿಗಳು ದೂರದರ್ಶನ ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂಬುದು 2007ರ ಕಾಯ್ದೆ. ಹಾಗೆ ಹಂಚಿಕೊಂಡದ್ದನ್ನು ಕೇಬಲ್‌ನವರು ತೋರಿಸುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಕೇಬಲ್ ನಂಬಿ ಕೂರಬೇಡಿ.

ಆದರೆ ಡಿಶ್‌ನಲ್ಲಿ ದೂರದರ್ಶನದವರು ತೋರಿಸಿದ್ದೇ ಆಟ. ಬಿಲ್ಲುಗಾರಿಕೆಯ ಕೊನೆಯ ಬಾಣದ ಹೊತ್ತಿಗೆ ಹಾಕಿಗೆ ಜಿಗಿದರೆ ಕೈ ಹಿಸುಕಿಕೊಳ್ಳಬೇಕಷ್ಟೆ. ಅಂಥ ಆಟಗಳ ಅಭಿಮಾನಿಗೆ, ಬೇಕಾದ ಆಟವನ್ನೇ ಆರಿಸಿಕೊಳ್ಳಬಹುದಾದ ಮೊಬೈಲೇ ಸರಿ. ಕರೆಂಟ್ ಹೋದರೂ ನಡೆಯುತ್ತದೆ.