ಟಿಪ್‌ಮನ್ 98ಕ್ಕೆ ಹೊಸ ಬ್ಯಾರೆಲ್: ನಾಲ್ಕು ಸೀಸನ್ ಆಡಿದ ಮೇಲೆ

ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ನಾವು ಎಂಟು ಹತ್ತು ಮಂದಿ ಕನ್ನಡದವರು ಸೇರಿ ಪೇಂಟ್‌ಬಾಲ್ ಆಡುತ್ತೇವೆ. ಬಣ್ಣ ತುಂಬಿದ ಗುಂಡುಗಳನ್ನು ಗಾಳಿಯ ಬಂದೂಕಿನಿಂದ ಎದುರಿನ ತಂಡಕ್ಕೆ ಹೊಡೆಯುವ ಆಟ ಅದು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಂದು ಶನಿವಾರ ಜೋಲಿಯೆಟ್ ಕಡೆ ಹೊರಡುತ್ತೇವೆ. "ಎಡಗಡೆ ಮರದ ಹಿಂದೆ ಇಬ್ರು ಇದಾರೆ ಕಣೋ!" ಎಂದು ಕೂಗಿದರೆ ಎದುರಿನ ತಂಡಕ್ಕೆ ಒಂದಕ್ಷರವೂ ತಿಳಿಯುವುದಿಲ್ಲ. ನಮ್ಮ ಅರ್ಧ ಗೆಲುವು ಅದರಿಂದಲೇ.

ನನ್ನ ಮಾರ್ಕರ್, ಅಂದರೆ ಆ ಬಂದೂಕು, ಟಿಪ್‌ಮನ್ 98 ಕಸ್ಟಮ್. ಹಳೇ ಮಾಡೆಲ್, ಆದರೆ ಎತ್ತಿನ ಹಾಗೆ ದುಡಿಯುತ್ತದೆ. ಜೊತೆಗೆ ಬಂದ ಬ್ಯಾರೆಲ್, ಅಂದರೆ ಗುಂಡು ಹೊರಹೋಗುವ ಕೊಳವೆ, 8.5 ಇಂಚಿನದು. ಎರಡು ವರ್ಷ ಅದರಲ್ಲೇ ಆಡಿದೆ. ಹೊಡೆದ ಗುಂಡು ಒಂದು ಸಲ ನೇರ ಹೋದರೆ ಇನ್ನೊಂದು ಸಲ ಬಲಕ್ಕೆ ಬಾಗುತ್ತಿತ್ತು. ದಿನಕ್ಕೆ ಮೂರು ನಾಲ್ಕು ಸಲ ಬ್ಯಾರೆಲ್ ಒಳಗೇ ಗುಂಡು ಒಡೆಯುತ್ತಿತ್ತು. ಒಂದು ಒಡೆದರೆ ಸಾಕು, ಒಳಗೆಲ್ಲ ಬಣ್ಣ ಮೆತ್ತಿಕೊಂಡು ಮುಂದಿನ ಹತ್ತು ಗುಂಡೂ ದಿಕ್ಕು ತಪ್ಪುತ್ತವೆ. ಹಾಗಾಗಿ ಬ್ಯಾರೆಲ್ ಬದಲಿಸಲು ಹೊರಟೆ. ಸರಿಯಾದದ್ದು ಸಿಗುವ ಮೊದಲು ಎರಡು ತಪ್ಪು ಮಾಡಿದೆ. ಎರಡನ್ನೂ ಹೇಳುತ್ತೇನೆ, ನಿಮ್ಮ ದುಡ್ಡಾದರೂ ಉಳಿಯಲಿ.

ಮೊದಲ ತಪ್ಪು ಥ್ರೆಡ್‌ನದು. ಬ್ಯಾರೆಲ್ ಮಾರ್ಕರ್‌ಗೆ ತಿರುಗಿಸಿ ಕೂರುವ ಜಾಗದ ಅಳತೆ ಎಲ್ಲ ಕಡೆ ಒಂದೇ ಅಲ್ಲ. ಆಟೋಕಾಕರ್ ಎಂಬ ಮಾರ್ಕರ್‌ನ ಥ್ರೆಡ್ ಬೇರೆ, ಸ್ಪೈಡರ್ ಎಂಬುದರದು ಬೇರೆ, ಟಿಪ್‌ಮನ್ 98ರದು ಬೇರೆ. ಟಿಪ್‌ಮನ್‌ನದೇ ಇನ್ನೊಂದು ಮಾರ್ಕರ್ ಎ-5ರ ಥ್ರೆಡ್ ಕೂಡ 98ಕ್ಕೆ ಹೊಂದುವುದಿಲ್ಲ. ಕಂಪನಿ ಒಂದೇ ಆದ್ದರಿಂದ ಹೊಂದುತ್ತದೆ ಎಂದುಕೊಂಡು ಎ-5 ಬ್ಯಾರೆಲ್ ತರಿಸಿ, ವಾಪಸ್ ಕಳಿಸಿದೆ. ಅಡಾಪ್ಟರ್‌ಗಳು ಸಿಗುತ್ತವೆ, ನಿಜ. ಆದರೆ ಹೊಸದಾಗಿ ಕೊಳ್ಳುವಾಗ ಸೀದಾ ನಿಮ್ಮ ಥ್ರೆಡ್‌ನದೇ ಕೊಳ್ಳಿ.

ಎರಡನೇ ತಪ್ಪು ಉದ್ದದ್ದು. ಉದ್ದ ಬ್ಯಾರೆಲ್ ಆದರೆ ಗುಂಡು ದೂರ ಹೋಗುತ್ತದೆ ಎಂದು ನಂಬಿ 16 ಇಂಚಿನದೊಂದು ತಂದೆ. ಒಂದು ಅಡಿಯೂ ಜಾಸ್ತಿ ದೂರ ಹೋಗಲಿಲ್ಲ. ಯಾಕೆ ಅಂತ ಆಮೇಲೆ ಅರ್ಥವಾಯಿತು. ಮೈದಾನದಲ್ಲಿ ಆಟಕ್ಕೆ ಮುಂಚೆ ಎಲ್ಲರ ಮಾರ್ಕರ್‌ನ ವೇಗ ಅಳೆಯುತ್ತಾರೆ. ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 280ರಿಂದ 300 ಅಡಿಯೊಳಗೆ. ನಿಮ್ಮದು 8 ಇಂಚಾಗಲಿ 16 ಇಂಚಾಗಲಿ, ಗುಂಡು ಹೊರಬೀಳುವುದು ಅದೇ ವೇಗದಲ್ಲಿ. ಅದೇ ಗುಂಡು, ಅದೇ ವೇಗ, ಅಂದಮೇಲೆ ಅದೇ ದೂರ. ಗಾಳಿಯ ತಳ್ಳುವಿಕೆಯೆಲ್ಲ ಮೊದಲ 8 ಇಂಚಿನ ಸುಮಾರಿಗೆ ಮುಗಿದಿರುತ್ತದೆ. ಆಮೇಲಿನ ಉದ್ದದಲ್ಲಿ ತೂತುಗಳಿರುತ್ತವೆ, ಗಾಳಿ ನಿಧಾನಕ್ಕೆ ಹೊರಗೆ ಹೋಗಿ ಸದ್ದು ಕಡಿಮೆಯಾಗುತ್ತದೆ. ಅದು ಒಳ್ಳೆಯದೇ. ಆದರೆ ತುಂಬಾ ಉದ್ದವಾದರೆ ಗುಂಡು ಉಜ್ಜಿಕೊಂಡೇ ವೇಗ ಕಳೆದುಕೊಳ್ಳುತ್ತದೆ, ಅದನ್ನು ಸರಿದೂಗಿಸಲು ಹೆಚ್ಚು ಗಾಳಿ ಬೇಕಾಗಿ ಸಿಲಿಂಡರ್‌ನ ಗಾಳಿ ಬೇಗ ಮುಗಿಯುತ್ತದೆ. ಕಾಡಿನ ಆಟದಲ್ಲಿ ಬಗ್ಗಿ ಓಡುವಾಗ ಕೊಂಬೆಗೆ ಸಿಕ್ಕಿಹಾಕಿಕೊಳ್ಳುವುದು ಬೇರೆ. 12ರಿಂದ 14 ಇಂಚು ಸಾಕು. ಮರೆಗೆ ನಿಲ್ಲುವ ಬಂಕರ್‌ನ ಅಂಚಿಗೆ ಒರಗಿಸಿ ಹೊಡೆಯಲು ಅಷ್ಟು ಉದ್ದ ಹಿತವಾಗಿರುತ್ತದೆ.

ದೂರವೇ ಬೇಕೆನ್ನುವವರಿಗೆ ಟಿಪ್‌ಮನ್‌ನ ಫ್ಲಾಟ್‌ಲೈನ್ ಇದೆ. ಅದು ಸ್ವಲ್ಪ ಬಾಗಿದ ಬ್ಯಾರೆಲ್. ಗುಂಡಿಗೆ ಹಿಂದಕ್ಕೆ ಸುತ್ತು ಕೊಟ್ಟು ಇನ್ನಷ್ಟು ದೂರ ಮಟ್ಟಸವಾಗಿ ಹಾರಿಸುತ್ತದೆ. ಆದರೆ ಒಳ್ಳೆಯ, ಸರಿಯಾಗಿ ದುಂಡಗಿರುವ ಗುಂಡು ಬೇಕು. ಗುಂಡು ಒಡೆದರೆ ಬಾಗಿದ ಕೊಳವೆ ಒರೆಸುವುದು ಕಷ್ಟ. ನಾನು ಅದರ ಗೋಜಿಗೆ ಹೋಗಲಿಲ್ಲ.

ಕೊನೆಗೆ ಕೊಂಡದ್ದು ಫ್ರೀಕ್ ಕಿಟ್. 98ರ ಥ್ರೆಡ್‌ನ ಹಿಂಭಾಗ, 14 ಇಂಚಾಗುವಂತೆ ಒಂದು ಮುಂಭಾಗ, ಒಳಗೆ ಹಾಕುವ ಎಂಟು ಇನ್ಸರ್ಟ್‌ಗಳು. ಒಂದೊಂದರ ಒಳವ್ಯಾಸ ಒಂದೊಂದು: 0.679 ಇಂಚಿನಿಂದ 0.695ರವರೆಗೆ. ಮುಂಭಾಗ ತಿರುಗಿಸಿ ಬಿಚ್ಚಿ, ಇನ್ಸರ್ಟ್ ಬದಲಿಸಿ, ಮತ್ತೆ ತಿರುಗಿಸಿದರೆ ಆಯಿತು. ಒಂದು ನಿಮಿಷದ ಕೆಲಸ. ಈ ನಾಲ್ಕು ಸೀಸನ್‌ನಲ್ಲಿ ನಾನು ಕಲಿತದ್ದೆಲ್ಲ ಈ ಎಂಟು ಕೊಳವೆಗಳಿಂದಲೇ.

ಪೇಂಟ್‌ಬಾಲ್ ಗುಂಡು ಹೆಸರಿಗೆ 0.68 ಇಂಚು, ಅಂದರೆ 17.3 ಮಿಲಿಮೀಟರ್ ಸುಮಾರು. ನಿಜವಾಗಿ ನೋಡಿದರೆ ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ. ಅದರ ಸಿಪ್ಪೆ ಜೆಲಾಟಿನ್, ಮಾತ್ರೆಯ ಕ್ಯಾಪ್ಸೂಲ್ ಇರುತ್ತದಲ್ವಾ, ಹಾಗೆ. ಜುಲೈ ತಿಂಗಳ ಸೆಕೆಯಲ್ಲಿ ತೇವ ಹೀರಿ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಅಕ್ಟೋಬರ್ ಚಳಿಯಲ್ಲಿ ಗಟ್ಟಿಯಾಗಿ ಹಪ್ಪಳದಂತೆ ಒಡೆಯುತ್ತದೆ. ಬ್ಯಾರೆಲ್ ಮಾತ್ರ ಹಾಗೇ ಇರುತ್ತದೆ. ಗುಂಡಿಗಿಂತ ಬ್ಯಾರೆಲ್ ಸಡಿಲವಾದರೆ ಗಾಳಿ ಪಕ್ಕದಿಂದ ಸೋರುತ್ತದೆ, ಒಂದೊಂದು ಗುಂಡಿನ ವೇಗ ಒಂದೊಂದು ಆಗುತ್ತದೆ. ಬಿಗಿಯಾದರೆ ಒಳಗೇ ಒಡೆಯುವ ಭಯ. 0.684ಕ್ಕೂ 0.689ಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರ್‌ನ ಎಂಟನೇ ಒಂದು ಪಾಲು. ಅಷ್ಟರಲ್ಲೇ ಎಲ್ಲ ಇದೆ.

ಅಳೆಯಲು ಉಪಕರಣ ಬೇಡ. ಬ್ಯಾರೆಲನ್ನು ಮಾರ್ಕರ್‌ನಿಂದ ಬಿಚ್ಚಿ ಕೈಯಲ್ಲಿ ಹಿಡಿಯಿರಿ. ಹಿಂದಿನಿಂದ ಒಂದು ಗುಂಡು ಹಾಕಿ. ತಾನಾಗಿ ಉರುಳಿ ಹೊರಬಿದ್ದರೆ ಇನ್ಸರ್ಟ್ ದೊಡ್ಡದು. ಗುಂಡು ಒಳಗೇ ನಿಂತು, ಬಾಯಿಂದ ಮೆಲ್ಲಗೆ ಊದಿದಾಗ ಹೊರಟರೆ ಸರಿಯಾಗಿದೆ. ಕೆನ್ನೆ ಉಬ್ಬಿಸಿ ಊದಿದರೂ ಜರುಗದಿದ್ದರೆ ಚಿಕ್ಕದು. ಒಂದೇ ಗುಂಡು ನೋಡಿ ತೀರ್ಮಾನ ಮಾಡಬೇಡಿ. ಒಂದೇ ಚೀಲದ ಐದಾರು ಗುಂಡು ಹಾಕಿ ನೋಡಿ. ನಾನು ಇದನ್ನು ಬೆಳಿಗ್ಗೆ ಒಂದು ಸಲ, ಊಟದ ನಂತರ ಬಿಸಿಲೇರಿದ ಮೇಲೆ ಇನ್ನೊಂದು ಸಲ ಮಾಡುತ್ತೇನೆ. ಬೆಳಿಗ್ಗೆ ಸರಿಯಾಗಿದ್ದ ಇನ್ಸರ್ಟ್ ಮಧ್ಯಾಹ್ನಕ್ಕೆ ಬಿಗಿಯಾದ ದಿನಗಳು ಎಷ್ಟೋ ಇವೆ.

ಒಂದು ಎಚ್ಚರಿಕೆ. ಇನ್ಸರ್ಟ್ ಬದಲಿಸಿದರೆ ವೇಗವೂ ಬದಲಾಗುತ್ತದೆ. ಮೊದಲ ದಿನ ನನ್ನ ಮಾರ್ಕರ್ ಮಿತಿ ದಾಟಿಬಿಟ್ಟಿತ್ತು, ಯಾಕೆಂದರೆ ಸೋರುತ್ತಿದ್ದ ಗಾಳಿಯೆಲ್ಲ ಈಗ ಗುಂಡನ್ನೇ ತಳ್ಳುತ್ತಿತ್ತು. ವೇಗದ ಸ್ಕ್ರೂ ಒಳಕ್ಕೆ ತಿರುಗಿಸಿ ಇಳಿಸಬೇಕಾಯಿತು. ಪ್ರತಿ ಸಲ ಬದಲಿಸಿದ ಮೇಲೂ ಅಳೆಸಿ. ಎದುರಿಗಿರುವವನು ನಿಮ್ಮ ಗೆಳೆಯನೇ ಅಲ್ವಾ. ಬ್ಯಾರೆಲ್ ಬಿಚ್ಚುವ ಮುಂಚೆ ಹಾಪರ್, ಅಂದರೆ ಗುಂಡು ತುಂಬುವ ಡಬ್ಬಿ, ತೆಗೆಯಿರಿ, ಒಳಗಿನ ಗಾಳಿ ಹೊರಬಿಡಿ. ಮೈದಾನದೊಳಗೆ ಇರುವಷ್ಟು ಹೊತ್ತು ಮಾಸ್ಕ್ ತೆಗೆಯಲೇಬೇಡಿ.

ಈಗ ಗುಂಡು ಒಡೆಯುವುದು ತಿಂಗಳಿಗೊಮ್ಮೆ ಆದರೆ ಹೆಚ್ಚು. ನೇರವೂ ಹೋಗುತ್ತದೆ. ಅಂದರೆ ಪವಾಡವೇನೂ ಆಗಿಲ್ಲ. ಕೆಟ್ಟ, ಮೊಟ್ಟೆಯಾಕಾರಕ್ಕೆ ತಿರುಗಿದ ಗುಂಡನ್ನು ಯಾವ ಬ್ಯಾರೆಲ್ಲೂ ನೇರ ಕಳಿಸುವುದಿಲ್ಲ. ನನ್ನನ್ನು ಕೇಳಿದರೆ ದುಡ್ಡು ಮೊದಲು ಒಳ್ಳೆಯ ಪೇಂಟ್‌ಗೆ, ಅಂದರೆ ಗುಂಡುಗಳಿಗೆ, ಹೋಗಬೇಕು, ಆಮೇಲೆ ಬ್ಯಾರೆಲ್‌ಗೆ. ಅದಕ್ಕೂ ಮುಂಚೆ ಬಾಲ್ ಲ್ಯಾಚ್ ನೋಡಿ. ಗುಂಡನ್ನು ಜಾಗದಲ್ಲಿ ತಡೆದು ಹಿಡಿಯುವ ಆ ಚಿಕ್ಕ ತುಂಡು ಸವೆದಿದ್ದರೆ ಎರಡು ಗುಂಡು ಒಟ್ಟಿಗೆ ಒಳಗೆ ಬಿದ್ದು, ಗುಂಡನ್ನು ಮುಂದಕ್ಕೆ ತಳ್ಳುವ ಬೋಲ್ಟ್ ಅವನ್ನು ಕತ್ತರಿಸಿಬಿಡುತ್ತದೆ. ನೋಡುವವರಿಗೆ ಬ್ಯಾರೆಲ್ ತಪ್ಪು ಅನ್ನಿಸುತ್ತದೆ. ನಮ್ಮ ಗುಂಪಿನ ಒಬ್ಬರಿಗೆ ಹೊಸ ಬ್ಯಾರೆಲ್ ಬೇಕಾಗಿಯೇ ಇರಲಿಲ್ಲ, ಲ್ಯಾಚ್ ಬದಲಿಸಿದ್ದೇ ಸಾಕಾಯಿತು.

ಕ್ಲೀನ್ ಮಾಡುವುದು ಸುಲಭ. ಗುಂಡಿನೊಳಗಿನ ಬಣ್ಣ ನೀರಲ್ಲಿ ಕರಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒಳಗೆ ಒರೆಸುವ ಸ್ಕ್ವೀಜಿ ಎಳೆದು, ಪೂರ್ತಿ ಒಣಗಿಸುತ್ತೇನೆ. ಬ್ಯಾರೆಲ್ ಒಳಗೆ ಎಣ್ಣೆ ಮಾತ್ರ ಹಾಕಬೇಡಿ, ಎಣ್ಣೆ ಸವರಿದ ಗುಂಡು ಎಲ್ಲೆಲ್ಲೋ ಹೋಗುತ್ತದೆ. ನನ್ನ ಇನ್ಸರ್ಟ್‌ಗಳು ಅಲ್ಯೂಮಿನಿಯಂನವು, ಗೋಡೆ ತೆಳು. 0.687 ಒಂದು ಸಲ ಕೈಜಾರಿ ಪಾರ್ಕಿಂಗ್ ಕಾಂಕ್ರೀಟ್ ಮೇಲೆ ಬಿದ್ದು ಅಂಚು ನಗ್ಗಿತು. ಅದೊಂದನ್ನು ಬಿಡಿಯಾಗಿ ಮತ್ತೆ ಕೊಂಡೆ. ಈಗ ಎಲ್ಲವನ್ನೂ ಬಟ್ಟೆ ಸುತ್ತಿದ ಡಬ್ಬಿಯಲ್ಲಿ ಇಟ್ಟಿರುತ್ತೇನೆ.

ಎಂಟೂ ಬೇಕಾ? ನನಗೆ ಬೇಕಾಗಲಿಲ್ಲ. ನಾಲ್ಕು ಸೀಸನ್‌ನಲ್ಲಿ ಮೈದಾನದ ಪೇಂಟ್‌ಗೆ ಹೊಂದಿದ್ದು ಹೆಚ್ಚಾಗಿ 0.684 ಮತ್ತು 0.687. ಸೆಕೆಯ ದಿನಗಳಲ್ಲಿ 0.689. 0.693 ಮತ್ತು 0.695 ಹೊಸದರ ಹಾಗೇ ಇವೆ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಆಡುವವರು, ಯಾವಾಗಲೂ ಒಂದೇ ಪೇಂಟ್ ಕೊಳ್ಳುವವರು 0.687ರ ಒಂದು ತುಂಡಿನ 12 ಇಂಚಿನ ಬ್ಯಾರೆಲ್ ಕೊಂಡರೆ ನಡೆಯುತ್ತದೆ, ಖರ್ಚೂ ಕಡಿಮೆ. ಬೇರೆ ಬೇರೆ ಮೈದಾನಕ್ಕೆ ಹೋಗಿ ಅಲ್ಲಿ ಮಾರುವ ಪೇಂಟನ್ನೇ ಹಾಕಬೇಕಾದವರಿಗೆ ಕಿಟ್ ಒಳ್ಳೆಯದು. ನಾನು ಮಾರ್ಕರ್ ಬದಲಿಸಿದರೂ ಇನ್ಸರ್ಟ್‌ಗಳು ವ್ಯರ್ಥವಾಗುವುದಿಲ್ಲ, ಹೊಸ ಥ್ರೆಡ್‌ನ ಹಿಂಭಾಗ ಒಂದನ್ನು ತಂದರೆ ಸಾಕು. ಮುಂದಿನ ಏಪ್ರಿಲ್‌ಗೆ ನನ್ನ ಪಟ್ಟಿಯಲ್ಲಿ ಇರುವುದು ಒಂದು ಹೊಸ ಲ್ಯಾಚ್ ಮತ್ತು ಇನ್ನೊಂದು 0.684, ಅಷ್ಟೇ.