ಸಂಜೆಗೆ ಊದುವ ಕಾಲಿಗೆ ಸಾಕ್ಸೋ, ಕ್ರೇಪೋ, ಉಪ್ಪುನೀರೋ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಒಂಬತ್ತು, ಹತ್ತು ಗಂಟೆ ನಿಂತೇ ದುಡಿಯುವವರಿಗೆ ಮೊಣಕಾಲಿನ ಕೆಳಗಿನವರೆಗೆ ಬರುವ, ಬೆರಳು ತೆರೆದಿರುವ ಒತ್ತಡದ ಸಾಕ್ಸೇ ಸರಿ. ಮೆಡಿಕಲ್ ಶಾಪಿನಲ್ಲಿ ‘ವೇರಿಕೋಸ್ ಸಾಕ್ಸ್’ ಅಂದರೆ ತೆಗೆದುಕೊಡುತ್ತಾರೆ. ಕ್ರೇಪ್ ಬ್ಯಾಂಡೇಜು, ಉಪ್ಪು ಹಾಕಿದ ಬಿಸಿನೀರು, ಗೋಡೆಗೆ ಕಾಲು, ಮೆತ್ತನೆ ಮ್ಯಾಟು, ಎಂಸಿಆರ್ ಚಪ್ಪಲಿ (ಮೆತ್ತನೆ ರಬ್ಬರಿನದು) ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲಿನ ಮಾತು ಇದು. ಹಾಗಂತ ಸಾಕ್ಸು ಸುಲಭದ ಸಾಮಾನಲ್ಲ. ಅದರದ್ದೊಂದು ಕಿರಿಕಿರಿ ಇದೆ, ಎಷ್ಟೋ ಜನ ವಾರದೊಳಗೇ ಅದನ್ನು ಬೀರುವಿನ ಮೂಲೆಗೆ ಎಸೆಯುವುದು ಆ ಕಾರಣಕ್ಕೇ. ಅದನ್ನು ಕೆಳಗೆ ಉದ್ದಕ್ಕೆ ಬರೆದಿದ್ದೇನೆ.

ಹೋಲಿಸುವುದಕ್ಕೆ ಬೇಕಾಗಿದ್ದು ಟೈಲರ್ ಟೇಪು ಮತ್ತು ಒಂದು ಬಾಲ್‌ಪೆನ್ನು. ಹರಡಿನ (ಪಾದದ ಗಂಟಿನ) ಮೂಳೆಯಿಂದ ನಾಲ್ಕು ಬೆರಳು ಮೇಲೆ ಗುರುತು ಹಾಕಿ, ಬೆಳಗ್ಗೆ ಎದ್ದ ಕೂಡಲೇ ಒಂದು ಸಲ, ಕೆಲಸ ಮುಗಿದ ಮೇಲೆ ಒಂದು ಸಲ ಸುತ್ತಳತೆ ತೆಗೆಯಬೇಕು. ಒಂದು ವಾರಕ್ಕೆ ಒಂದೇ ಉಪಾಯ. ಎರಡು ಬೆರೆಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗಲ್ಲ. ಟೇಪು ಇಲ್ಲದಿದ್ದರೆ ಹೆಬ್ಬೆರಳು ಸಾಕು: ಕಾಲಿನ ಮುಂಭಾಗದ ಮೂಳೆಯ ಮೇಲೆ ಐದಾರು ಸೆಕೆಂಡು ಒತ್ತಿ ಬಿಡಿ. ಗುಳಿ ಬಿದ್ದು, ನಿಧಾನಕ್ಕೆ ತುಂಬಿಕೊಂಡರೆ ಅಲ್ಲಿ ನೀರು ನಿಂತಿದೆ ಅಂತ ಅರ್ಥ.

ನೋವು ಬೇರೆ, ಊತ ಬೇರೆ. ಇದನ್ನು ಬೇರೆ ಮಾಡಿಕೊಳ್ಳದೆ ದುಡ್ಡು ಹಾಕಿದರೆ ತಪ್ಪು ಸಾಮಾನು ಮನೆಗೆ ಬರುತ್ತೆ. ಪಾದದಿಂದ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಮೀನಖಂಡದ ಸ್ನಾಯು. ಅಲುಗದೆ ನಿಂತಾಗ ಹರಡಿನ ಹತ್ತಿರ ಸಿರೆಗಳ ಒಳಗಿನ ಒತ್ತಡ, ಬಿಪಿ ಅಳೆಯುವ ಮಾನದಲ್ಲೇ ಹೇಳುವುದಾದರೆ, ಸುಮಾರು 80–90 ಎಂಎಂಎಚ್‌ಜಿ ಇರುತ್ತೆ. ನಡೆಯಲು ಶುರು ಮಾಡಿದರೆ ಅದು 30ರ ಆಸುಪಾಸಿಗೆ ಇಳಿಯುತ್ತೆ. ಅಂದರೆ ತೊಂದರೆ ಕೊಡುವುದು ನಿಲ್ಲುವುದಕ್ಕಿಂತ ಹೆಚ್ಚಾಗಿ ನಿಂತಲ್ಲೇ ನಿಲ್ಲುವುದು. ಚಿಕ್ಕಪೇಟೆಯ ಹಳೇ ಸೀರೆ ಅಂಗಡಿಗಳಲ್ಲಿ ಗಾದಿ ಹಾಸಿ, ಕೂತೇ ಸೀರೆ ಬಿಚ್ಚಿ ತೋರಿಸುತ್ತಿದ್ದರು. ಈಗಿನ ಶೋರೂಮಿನಲ್ಲಿ ಗಾಜಿನ ಕೌಂಟರಿನ ಹಿಂದೆ, ಟೈಲ್ಸ್ ನೆಲದ ಮೇಲೆ, ಎರಡು ಹೆಜ್ಜೆ ಜಾಗದಲ್ಲಿ ದಿನವಿಡೀ ನಿಲ್ಲಬೇಕು. ಗಾರ್ಮೆಂಟ್ಸಿನ ಚೆಕಿಂಗ್ ಟೇಬಲ್, ಇಸ್ತ್ರಿ ಟೇಬಲ್, ದೋಸೆ ಕಾವಲಿ ಎಲ್ಲದರ ಮುಂದೂ ಇದೇ ಕಥೆ.

ಮೊದಲು ಕ್ರೇಪ್ ಬ್ಯಾಂಡೇಜ್. ಅಗ್ಗ ಅನ್ನುವುದೊಂದೇ ಅದರ ಆಕರ್ಷಣೆ. 10 ಸೆಂಟಿಮೀಟರ್ ಅಗಲದ ಒಂದು ಸುರುಳಿ ಇನ್ನೂರು ರೂಪಾಯಿಯ ಆಸುಪಾಸಿಗೆ ಸಿಗುತ್ತೆ. ಸರಿಯಾಗಿ ಸುತ್ತಿದರೆ ಊತವನ್ನು ನಿಜಕ್ಕೂ ತಡೆಯುತ್ತೆ. ಬೆರಳಿನ ಬುಡದಿಂದ ಶುರು ಮಾಡಬೇಕು, ಹಿಮ್ಮಡಿ ಮುಚ್ಚಬೇಕು, ಹರಡಿಗೆ ಎಂಟರ ಆಕಾರದಲ್ಲಿ ತಿರುಗಿಸಬೇಕು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ ಮೇಲೆ ಹೋಗಬೇಕು, ಅರ್ಧ ಎಳೆತ ಮಾತ್ರ ಕೊಡಬೇಕು. ಬಹಳ ಜನ ಹರಡಿನ ಮೇಲಿನಿಂದ ಸುತ್ತಲು ಶುರು ಮಾಡುತ್ತಾರೆ. ಆಗ ಕೆಳಗಿನ ಪಾದ ಪೂರಿಯಂತೆ ಉಬ್ಬುತ್ತೆ. ಸರಿಯಾಗಿ ಸುತ್ತಿದರೂ ಓಡಾಡಿದಂತೆ ಎರಡು ಗಂಟೆಯೊಳಗೆ ಸಡಿಲವಾಗುತ್ತೆ. ಒಂದು ಕಡೆ ಮೂರು ಪದರ, ಇನ್ನೊಂದು ಕಡೆ ಒಂದೇ ಪದರ ಉಳಿದು, ಒತ್ತಡ ಎಲ್ಲಿ ಹೆಚ್ಚು ಎಲ್ಲಿ ಕಮ್ಮಿ ಅನ್ನುವ ಲೆಕ್ಕವೇ ತಪ್ಪುತ್ತೆ. ಜೊತೆಗೆ ಬರುವ ಕಬ್ಬಿಣದ ಕ್ಲಿಪ್ಪು ಗಿರಾಕಿ ಮುಂದೆ ಟಣ್ ಅಂತ ಬೀಳುವುದು ಬೇರೆ. ಕ್ಲಿಪ್ ಬಿಟ್ಟು ಮೆಡಿಕಲ್ ಟೇಪ್ ಅಂಟಿಸಿದರೆ ವಾಸಿ. ಉಳುಕಿದ ಕಾಲಿಗೆ ಕ್ರೇಪ್ ಚೆನ್ನ, ದಿನನಿತ್ಯದ ಡ್ಯೂಟಿಗೆ ಅಲ್ಲ.

ಉಪ್ಪು ಹಾಕಿದ ಬಿಸಿನೀರಿಗೆ ಅಭಿಮಾನಿಗಳು ಜಾಸ್ತಿ. ಹಾಯಾಗಿರುತ್ತೆ, ಅದು ಸುಳ್ಳಲ್ಲ. ಆದರೆ ಬಿಸಿಗೆ ರಕ್ತನಾಳ ಹಿಗ್ಗುತ್ತೆ, ಬಕೆಟ್ಟಿನಲ್ಲಿ ಕಾಲು ಇನ್ನೂ ಕೆಳಗೇ ಇಳಿಬಿದ್ದಿರುತ್ತೆ. ಹಾಗಾಗಿ ಟೇಪಿನ ಮೇಲೆ ಲಾಭ ಕಾಣಲ್ಲ, ಕೆಲವೊಮ್ಮೆ ಉಲ್ಟಾನೇ. ನಲ್ಲಿಯ ತಣ್ಣೀರಿನಲ್ಲಿ ಹತ್ತು ನಿಮಿಷ ಇಡುವುದು ಊತಕ್ಕೆ ಇದಕ್ಕಿಂತ ಮೇಲು. ಶುಗರ್ ಇರುವವರು ಬಿಸಿನೀರಿಗೆ ಕಾಲು ಹಾಕುವ ಮುಂಚೆ ಬೇರೆಯವರ ಕೈಲಿ ಬಿಸಿ ನೋಡಿಸಬೇಕು. ಪಾದಕ್ಕೆ ಸ್ಪರ್ಶ ಮಂದವಾಗಿದ್ದರೆ ಸುಟ್ಟಿದ್ದೂ ಗೊತ್ತಾಗಲ್ಲ.

ಎಂಸಿಆರ್ ಚಪ್ಪಲಿ, ಮೆತ್ತನೆ ಇನ್‌ಸೋಲ್: ಹಿಮ್ಮಡಿ ನೋವಿಗೆ ಹೌದು, ಊತಕ್ಕೆ ಇಲ್ಲ.

ಮ್ಯಾಟು, ಅಥವಾ ಮೂರು ಮಡಿಕೆ ಮಾಡಿದ ಗೋಣಿತಾಟು: ಗಟ್ಟಿ ನೆಲದ ಬಡಿತ ಕಮ್ಮಿಯಾಗುತ್ತೆ, ಕಾಲು ಸ್ವಲ್ಪ ಅಲುಗಾಡುತ್ತಿರುತ್ತೆ. ಅಷ್ಟೇ.

ಬಾರ್ಲಿ ನೀರು ಕುಡಿದರೆ ಮೂತ್ರಕ್ಕೆ ಹೋಗಬಹುದು, ನಿಂತು ಇಳಿದ ನೀರು ಹರಡಿನಲ್ಲೇ ಇರುತ್ತೆ. ಬಾತ್‌ರೂಮಿಗೆ ಬಿಡುವು ಸಿಗಲ್ಲ ಅಂತ ನೀರು ಕುಡಿಯುವುದನ್ನೇ ಕಮ್ಮಿ ಮಾಡುವುದರಿಂದಲೂ ಊತ ಇಳಿಯಲ್ಲ. ಕಮ್ಮಿ ಮಾಡಬೇಕಾದ್ದು ಉಪ್ಪಿನಕಾಯಿ, ಹಪ್ಪಳ.

ಈಗ ಸಾಕ್ಸು. ಒತ್ತಡ 15–20 ಅಥವಾ 18–21 ಎಂಎಂಎಚ್‌ಜಿ ಸಾಕು. ಹರಡಿನಲ್ಲಿ ಆ ಒತ್ತಡ, ಮೇಲೆ ಹೋದಂತೆ ಕಮ್ಮಿ. ಡಬ್ಬಿ ಮೇಲಿನ ‘ಕ್ಲಾಸ್ 1’ ನಂಬಬೇಡಿ. ಬ್ರಿಟಿಷ್ ಲೆಕ್ಕದಲ್ಲಿ ಅದು 14–17, ಜರ್ಮನ್ ಲೆಕ್ಕದಲ್ಲಿ 18–21. ಅಂಕಿ ನೋಡಿ ತಗೊಳ್ಳಿ. ಅದಕ್ಕಿಂತ ಬಿಗಿಯಾದದ್ದು ಡಾಕ್ಟರ್ ಹೇಳಿದರೆ ಮಾತ್ರ. ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಹಾಕಿದ ಬಿಳಿ ಸಾಕ್ಸನ್ನು ಕೆಲಸಕ್ಕೆ ಹಾಕಿಕೊಂಡು ಹೋಗುವವರಿದ್ದಾರೆ. ಅದು ಮಲಗಿರುವ ರೋಗಿಗೆ ಮಾಡಿದ್ದು, ನಿಲ್ಲುವವರಿಗಲ್ಲ. ಆನ್‌ಲೈನಿನ ‘ಫ್ರೀ ಸೈಜ್’ ಜಿಪ್ ಸಾಕ್ಸ್ ಬಗ್ಗೆ ಒಂದೇ ಮಾತು: ಕಾಲಿಗೆ ಫ್ರೀ ಸೈಜ್ ಅಂತ ಇಲ್ಲ.

ಕಿರಿಕಿರಿ ಅಂದೆನಲ್ಲ, ಅದು ಮೇಲಿನ ಪಟ್ಟಿ ಸುರುಳಿ ಸುತ್ತಿಕೊಂಡು ಕೆಳಗೆ ಇಳಿಯುವುದು. ಬೆಳಗ್ಗೆ ನೆಟ್ಟಗೆ ಹಾಕಿಕೊಂಡಿರುತ್ತೀರಿ. ಕೆಳಗಿನ ಖಾನೆಯಿಂದ ಸೀರೆ ತೆಗೆಯಲು ನಾಲ್ಕು ಸಲ ಬಗ್ಗಿ ಎದ್ದರೆ ಪಟ್ಟಿ ಮಡಚಿ, ಹಗ್ಗದಂತೆ ಆಗಿ ಮೀನಖಂಡವನ್ನು ಕಚ್ಚಿಕೊಂಡಿರುತ್ತೆ. ಎರಡು ಪದರ ಆದ ಕಡೆ ಒತ್ತಡವೂ ಹೆಚ್ಚುಕಮ್ಮಿ ಎರಡರಷ್ಟು. ಮೇಲೆ ಹೋಗಬೇಕಾದ ರಕ್ತಕ್ಕೆ ಅದೇ ಅಡ್ಡಗಟ್ಟೆ. ಸಂಜೆ ತೆಗೆದರೆ ಕೆಂಪು ಉಂಗುರ, ಅದರ ಕೆಳಗೆ ಮೊದಲಿಗಿಂತ ಹೆಚ್ಚು ಊತ. ‘ಸಾಕ್ಸ್ ಹಾಕಿದ ಮೇಲೇ ಜಾಸ್ತಿ ಆಯ್ತು’ ಅನ್ನುವವರು ಸುಳ್ಳು ಹೇಳುತ್ತಿಲ್ಲ.

ಕಾರಣ ಸಾಮಾನ್ಯವಾಗಿ ಕಾಲಿನದಲ್ಲ, ಅಳತೆಯದು. ಚಪ್ಪಲಿ ನಂಬರ್ ಹೇಳಿ ಸಾಕ್ಸ್ ಕೊಂಡರೆ ಹೀಗಾಗುತ್ತೆ. ಬೇಕಾಗಿರುವುದು ಮೂರು ಅಳತೆ: ಹರಡಿನ ಮೂಳೆಯ ಮೇಲೆ ಕಾಲು ಅತಿ ಸಣ್ಣ ಇರುವ ಕಡೆಯ ಸುತ್ತು, ಮೀನಖಂಡ ಅತಿ ದಪ್ಪ ಇರುವ ಕಡೆಯ ಸುತ್ತು, ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗಿನ ಉದ್ದ. ಮೂರನ್ನೂ ಬೆಳಗ್ಗೆಯೇ ತೆಗೆಯಬೇಕು. ಸಂಜೆ ಡ್ಯೂಟಿ ಮುಗಿಸಿ ಮೆಡಿಕಲ್ ಶಾಪಿಗೆ ಹೋಗಿ ಅಳೆಸಿದರೆ ಊದಿದ ಕಾಲಿನ ಅಳತೆ ಸಿಗುತ್ತೆ, ದೊಡ್ಡ ಸೈಜ್ ಬರುತ್ತೆ, ಬೆಳಗ್ಗೆ ಅದು ಜಾರುತ್ತೆ. ಎರಡೂ ಕಾಲು ಅಳೆಯಿರಿ, ಒಂದೇ ಥರ ಇರಬೇಕೆಂದಿಲ್ಲ. ಹರಡು ಎಂ, ಮೀನಖಂಡ ಎಲ್ ಅಂತ ಬಂದರೆ ಅಗಲ ಮೀನಖಂಡದ ಮಾಡೆಲ್ ಹುಡುಕಿ. ಸಿಗದಿದ್ದರೆ ಎಲ್‌ಗೇ ಹೋಗಿ. ಕೆಳಗೆ ಹಿಡಿತ ಸ್ವಲ್ಪ ಸಡಿಲವಾದರೂ ನಡೆಯುತ್ತೆ, ಮೇಲೆ ಬಿಗಿಯಬಾರದು.

ಇನ್ನೊಂದು ತಪ್ಪು ಉದ್ದದ್ದು. ಗಿಡ್ಡ ಕಾಲಿನವರು ಉದ್ದದ ಸಾಕ್ಸ್ ಕೊಂಡು, ಮಿಕ್ಕಿದ್ದನ್ನು ಮೊಣಕಾಲಿನ ಮಡಿಕೆವರೆಗೆ ಎಳೆಯುತ್ತಾರೆ ಇಲ್ಲವೇ ಮೇಲೆ ಮಡಚುತ್ತಾರೆ. ಎರಡೂ ಸುರುಳಿಗೆ ಆಹ್ವಾನ. ಪಟ್ಟಿ ಮಡಿಕೆಯಿಂದ ಎರಡು ಬೆರಳು ಕೆಳಗೆ ನಿಲ್ಲಬೇಕು. ಮಿಕ್ಕ ಬಟ್ಟೆಯನ್ನು ಕೆಳಗೆ ಹರಡಿನ ಕಡೆಗೆ ಸವರಿ ಹಂಚಬೇಕು. ಕೆಲವು ಕಂಪನಿಗಳು ಶಾರ್ಟ್, ರೆಗ್ಯುಲರ್ ಅಂತ ಎರಡು ಉದ್ದ ಮಾಡುತ್ತವೆ, ಕೇಳಿ ತಗೊಳ್ಳಿ.

ಹಾಕುವ ವಿಧಾನಕ್ಕೂ ಇದರಲ್ಲಿ ಪಾಲಿದೆ. ಮಾಮೂಲಿ ಸಾಕ್ಸಿನಂತೆ ಮುದ್ದೆ ಮಾಡಿ ಮೇಲಿನ ಪಟ್ಟಿ ಹಿಡಿದು ಎಳೆದರೆ ಎಲ್ಲ ಎಳೆತವೂ ಪಟ್ಟಿಯಲ್ಲೇ ಸೇರಿಕೊಳ್ಳುತ್ತೆ. ಕೈ ಒಳಗೆ ಹಾಕಿ ಹಿಮ್ಮಡಿ ಜಾಗ ಹಿಡಿದು, ಅಲ್ಲಿಯವರೆಗೆ ಒಳಮೈ ಹೊರಗೆ ಬರುವಂತೆ ತಿರುಗಿಸಿ. ಪಾದ ತೂರಿಸಿ, ಹಿಮ್ಮಡಿಯನ್ನು ಅದರ ಜಾಗಕ್ಕೆ ಕೂರಿಸಿ. ಆಮೇಲೆ ಎರಡೆರಡು ಇಂಚು ಬಿಚ್ಚುತ್ತಾ ಮೇಲೆ ಬನ್ನಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಅಂಗೈಯಿಂದ ಸವರಿದರೆ ನೆರಿಗೆ ಎಲ್ಲ ಹೋಗುತ್ತೆ, ಉಗುರು ತಾಗಿ ಎಳೆ ಕೀಳುವುದೂ ತಪ್ಪುತ್ತೆ. ಬೆರಳು ತೆರೆದ ಸಾಕ್ಸಿಗೆ ಇನ್ನೊಂದು ಉಪಾಯ: ಪಾದಕ್ಕೆ ಮೊದಲು ತೆಳು ಪ್ಲಾಸ್ಟಿಕ್ ಕವರ್ ತೊಡಿಸಿ, ಅದರ ಮೇಲೆ ಸಾಕ್ಸ್ ಜಾರಿಸಿ, ಕೊನೆಗೆ ಬೆರಳಿನ ಕಡೆಯಿಂದ ಕವರ್ ಹೊರಗೆ ಎಳೆದುಬಿಡಿ.

ಬೆರಳು ತೆರೆದದ್ದೇ ಯಾಕೆ ಅಂದರೆ, ಒಂದು ಕಾಲುಂಗುರ. ಮುಚ್ಚಿದ ಸಾಕ್ಸು ಅದಕ್ಕೆ ಸಿಕ್ಕಿ ತಿಂಗಳೊಳಗೆ ತೂತಾಗುತ್ತೆ. ಎರಡು, ಬೆವರು. ಮಂಗಳೂರಿನ ಸೆಖೆಯಲ್ಲಿ, ರಾಯಚೂರಿನ ಬೇಸಿಗೆಯಲ್ಲಿ ಬೆರಳ ಸಂದಿಗೆ ಗಾಳಿ ಬೇಕು, ಇಲ್ಲದಿದ್ದರೆ ಬಿಳಿಚಿಕೊಂಡು ತುರಿಕೆ ಶುರು. ಗೆಜ್ಜೆಯನ್ನು ಸಾಕ್ಸಿನ ಒಳಗೆ ಬಿಡಬೇಡಿ, ಸಂಜೆಗೆ ಅದರ ಅಚ್ಚು ಚರ್ಮದಲ್ಲಿ ಕೂತಿರುತ್ತೆ. ಕೊಬ್ಬರಿ ಎಣ್ಣೆ ರಾತ್ರಿಗೆ ಇಟ್ಟುಕೊಳ್ಳಿ, ಎಣ್ಣೆ ಕಾಲಿಗೆ ಹಾಕಿದರೆ ಎಲಾಸ್ಟಿಕ್ ಬೇಗ ಸಾಯುತ್ತೆ. ಹಾಕುವ ಹೊತ್ತು ಬೆಳಗ್ಗೆ, ಊತ ಶುರುವಾಗುವ ಮುಂಚೆ. ರಾತ್ರಿ ಮಲಗುವಾಗ ತೆಗೆದುಬಿಡಿ.

ಗೋಡೆಗೆ ಕಾಲು ಹಾಕುವುದು ಬಿಟ್ಟಿ, ಕೆಲಸವನ್ನೂ ಮಾಡುತ್ತೆ. ಗೋಡೆಯಿಂದ ಒಂದು ಗೇಣು ದೂರಕ್ಕೆ ಸೊಂಟ ಇಟ್ಟು, ಹದಿನೈದು, ಇಪ್ಪತ್ತು ನಿಮಿಷ. ಇಲ್ಲವೇ ಮೀನಖಂಡದ ಕೆಳಗೆ ಎರಡು ದಿಂಬು, ಪಾದ ಎದೆಗಿಂತ ಮೇಲಿರಬೇಕು. ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲೆ ಕಾಲು ಚಾಚಿದರೆ ಆ ಎತ್ತರ ಸಿಗಲ್ಲ. ಒಂದೇ ಕೊರತೆ: ಇದು ಬಂದ ಊತವನ್ನು ಇಳಿಸುತ್ತೆ, ಬರುವುದನ್ನು ತಡೆಯಲ್ಲ. ಚಪ್ಪಲಿ ಪಟ್ಟಿ ಕಚ್ಚುವ ಮಧ್ಯಾಹ್ನ ನಾಲ್ಕು ಗಂಟೆಗೆ ಗೋಡೆ ಎಲ್ಲಿಂದ ತರೋಣ? ಅಂಗಡಿಯಲ್ಲೇ ಮಾಡಬಹುದಾದ್ದು ಹಿಮ್ಮಡಿ ಎತ್ತುವುದು. ಕೌಂಟರ್ ಹಿಡಿದು ತುದಿಗಾಲಿನಲ್ಲಿ ನಿಂತು ಇಳಿಯುವುದು, ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ. ನಿಂತುಹೋದ ಪಂಪಿಗೆ ಕೈ ಹಾಕಿದಂತೆ. ನನ್ನ ಪಟ್ಟಿಯಲ್ಲಿ ಎರಡನೇ ಸ್ಥಾನ ಇದಕ್ಕೇ.

ಸ್ಟೂಲಿನ ವಿಷಯ ಬಂತಲ್ಲ: ಕಾರ್ಖಾನೆಯಲ್ಲಿ ನಿಂತು ಕೆಲಸ ಮಾಡುವವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮೇ ಹೇಳಿತ್ತು. ಅಂಗಡಿ ನೌಕರರಿಗೆ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಇದೇ ಹಕ್ಕು ಕೊಟ್ಟವು. ಗಂಟೆಗೆ ಐದು ನಿಮಿಷ ಕೂತು ಪಾದ ಮೇಲೆ ಕೆಳಗೆ ಆಡಿಸಿದರೂ ವ್ಯತ್ಯಾಸ ಆಗುತ್ತೆ, ಆದರೆ ಈ ಸಾಮಾನು ನಾವು ಕೊಳ್ಳುವಂಥದ್ದಲ್ಲ.

ಕೆಲವರು ಇವು ಯಾವುದನ್ನೂ ಕೊಳ್ಳುವ ಮುಂಚೆ ಡಾಕ್ಟರ್ ಹತ್ತಿರ ಹೋಗಬೇಕು. ಒಂದೇ ಕಾಲು ದಿಢೀರ್ ಊದಿ ಮೀನಖಂಡ ನೋಯುತ್ತಿದ್ದರೆ ಅದು ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು, ಅವತ್ತೇ ತೋರಿಸಿ. ಉಸಿರಾಟ ಕಷ್ಟವಾದರೆ, ಬೆಳಗ್ಗೆ ಎದ್ದಾಗ ಮುಖ ಊದಿದ್ದರೆ, ರಾತ್ರಿಯಿಡೀ ಮಲಗಿದರೂ ಕಾಲಿನ ಊತ ಇಳಿಯದಿದ್ದರೆ ಅದು ನಿಂತ ತಪ್ಪಲ್ಲ. ಬಿಪಿಗೆ ಆಮ್ಲೋಡಿಪಿನ್ ನುಂಗುವವರಿಗೆ ಮಾತ್ರೆಯಿಂದಲೇ ಹರಡು ಊದುವುದುಂಟು. ಮಾತ್ರೆ ನೀವೇ ನಿಲ್ಲಿಸಬೇಡಿ, ಬದಲಿಸಲು ಆಗುತ್ತಾ ಕೇಳಿ. ಕಾಲಿಗೆ ರಕ್ತ ಸರಿಯಾಗಿ ಇಳಿಯದ ತೊಂದರೆ ಅಥವಾ ಪಾದ ಜೋಮು ಹಿಡಿಯುವಷ್ಟು ಶುಗರ್ ಇದ್ದರೆ ಬಿಗಿ ಸಾಕ್ಸು ಗಾಯ ಮಾಡಬಹುದು. ನೀರಿಳಿಸುವ ಮಾತ್ರೆಯನ್ನು ಚೀಟಿ ಇಲ್ಲದೆ ತಗೊಳ್ಳಲೇಬೇಡಿ.

ಬಜೆಟ್ಟಿನ ಮಾತಿಗೆ ಬಂದರೆ, ಒಂದು ಜೊತೆಗೆ ಸುಮಾರು ಏಳೆಂಟು ನೂರರಿಂದ ಎರಡು ಸಾವಿರದವರೆಗೆ ಆಗುತ್ತೆ. ದಿನಾ ಕೈಯಲ್ಲಿ ಸೋಪುನೀರಿಗೆ ಅದ್ದಿ, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಲ್ಲಿ ಒಣಹಾಕಬೇಕು. ಬ್ಲೀಚು, ಕಂಫರ್ಟು ಬೇಡ. ಹೀಗೆ ನೋಡಿಕೊಂಡರೂ ನಾಲ್ಕರಿಂದ ಆರು ತಿಂಗಳಿಗೆ ಹಿಡಿತ ಹೋಗುತ್ತೆ. ಕೊಂಡ ತಿಂಗಳನ್ನು ಡಬ್ಬಿಯ ಮೇಲೆ ಬರೆದಿಡಿ. ಸುಲಭವಾಗಿ ಹಾಕಲು ಬಂತು ಅಂತ ಖುಷಿ ಪಡುವ ದಿನವೇ ಅದು ಸತ್ತ ದಿನ. ಇಷ್ಟು ದುಡ್ಡು ಈಗ ಆಗಲ್ಲ ಅಂದರೆ ಕ್ರೇಪಿಗೆ ಹಾಕುವ ಇನ್ನೂರನ್ನೂ ಉಳಿಸಿ, ಹಿಮ್ಮಡಿ ಎತ್ತುವುದು ಮತ್ತು ರಾತ್ರಿ ಗೋಡೆ, ಇವೆರಡರಲ್ಲೇ ತಿಂಗಳು ತಳ್ಳಿ ಸಾಕ್ಸಿಗೆ ಕೂಡಿಡಿ.

ಡಬ್ಬಿ ಒಡೆದ ಸಾಕ್ಸನ್ನು ಮೆಡಿಕಲ್ ಶಾಪಿನವರು ಸಾಮಾನ್ಯವಾಗಿ ವಾಪಸ್ ತಗೊಳ್ಳಲ್ಲ. ಬೆಳಗ್ಗೆ ತೆಗೆದ ಮೂರು ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಡಬ್ಬಿ ಹಿಂದಿನ ಚಾರ್ಟು ನೀವೇ ಓದಿ. ಕೌಂಟರಿನ ಹುಡುಗ ಕಾಲು ನೋಡದೆ ‘ನಿಮಗೆ ಎಂ ಆಗುತ್ತೆ ಮೇಡಂ’ ಅಂದರೆ ಚೀಟಿ ಮುಂದಿಡಿ.